ಕೈಲಾಸ ಪರಿಕ್ರಮದಲ್ಲಿ ಗಟ್ಟಿಮುಟ್ಟಾದವರಿಗೂ ಉಸಿರು ಕಟ್ಟುವುದೇಕೆ?

ಅಲ್ಲಿ ಗಾಳಿ ತೆಳುವಾಗಿರುತ್ತದೆ, ಅದಕ್ಕೇ. ಕಾಲಿನ ಬಲ ಎಷ್ಟಿದ್ದರೂ ಇದನ್ನು ತಪ್ಪಿಸಲು ಆಗುವುದಿಲ್ಲ.

ಟಿಬೆಟ್‌ನ ಕೈಲಾಸ ಪರ್ವತದ ಶಿಖರವನ್ನು ಯಾತ್ರಿಕರು ಹತ್ತುವುದಿಲ್ಲ, ಬೆಟ್ಟಕ್ಕೆ ಪ್ರದಕ್ಷಿಣೆ ಹಾಕುತ್ತಾರೆ. ದಾರಿ ಸುಮಾರು 52 ಕಿ.ಮೀ., ಹೆಚ್ಚಿನವರು ಮೂರು ದಿನ ನಡೆಯುತ್ತಾರೆ. ಕಷ್ಟ ಬರುವುದು ಡೋಲ್ಮಾ ಲಾ ಹತ್ತುವಾಗ. ಲಾ ಅಂದರೆ ಬೆಟ್ಟ ದಾಟುವ ಎತ್ತರದ ದಾರಿ. ಇದರ ಎತ್ತರ ಸುಮಾರು 5,600 ಮೀಟರ್. ಬೆಂಗಳೂರು ಇರುವುದು 900 ಮೀಟರ್ ಆಸುಪಾಸಿನಲ್ಲಿ!

ಅಲ್ಲಿ ಆಮ್ಲಜನಕವೇ ಇಲ್ಲ ಅನ್ನುತ್ತಾರಲ್ಲ, ಅದು ಸರಿಯಲ್ಲ. ಗಾಳಿಯಲ್ಲಿ ಅದರ ಪಾಲು ಇಲ್ಲಿನ ಹಾಗೇ ಶೇ. 21. ಆದರೆ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟೇ. ಹಾಗಾಗಿ ಒಂದು ಉಸಿರಿಗೆ ಒಳಗೆ ಹೋಗುವ ಆಮ್ಲಜನಕವೂ ಹೆಚ್ಚುಕಡಿಮೆ ಅರ್ಧ. ಕೊರತೆ ತುಂಬಲು ಎದೆ ಜೋರಾಗಿ ಬಡಿದುಕೊಳ್ಳುತ್ತದೆ, ಉಸಿರು ಜಾಸ್ತಿಯಾಗುತ್ತದೆ.

ದೇಹ ಇದಕ್ಕೆ ಒಗ್ಗಿಕೊಳ್ಳುತ್ತದೆ, ಆದರೆ ದಿನಗಳು ಬೇಕು. ಅದಕ್ಕೇ ಪರಿಕ್ರಮಕ್ಕೆ ಮೊದಲು ಎತ್ತರದ ಊರುಗಳಲ್ಲಿ ತಂಗಿಸುತ್ತಾರೆ. ದಯವಿಟ್ಟು ಅದನ್ನು ಸುಮ್ನೆ ಕಾಲಹರಣ ಅಂದುಕೊಳ್ಳಬೇಡಿ. ತರುಣರು ಬೇಗ ಬೇಗ ಹತ್ತಿ ಸುಸ್ತಾಗುವುದು, ನಿಧಾನಕ್ಕೆ ಹೆಜ್ಜೆ ಹಾಕುವ ಅಜ್ಜಿ ಆರಾಮಾಗಿ ದಾಟುವುದು ಇಂಥ ಕಡೆ ಆಶ್ಚರ್ಯವೇನಲ್ಲ.

ತಲೆನೋವು, ವಾಂತಿ ಶುರುವಾದರೆ ಮುಂದೆ ಹತ್ತಬೇಡಿ. ಮಾತು ತೊದಲಿದರೆ, ಕೂತಲ್ಲೇ ಏದುಸಿರು ಬಂದರೆ ತಕ್ಷಣ ಕೆಳಗಿಳಿಯಲೇಬೇಕು.