ಎಂಟರಿಂದ ಇಪ್ಪತ್ತೇಳಕ್ಕೆ: ಲೂಯಿವಿಲ್ ತಂಡದ ಮುಂದಿನ ಹಾದಿ

ಪ್ರಶ್ನೆ: ನನ್ನ ಮಗ ಅಮೆರಿಕದ ಲೂಯಿವಿಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾನೆ. ಅವನಿಂದಾಗಿ ಅಲ್ಲಿನ ಬ್ಯಾಸ್ಕೆಟ್‌ಬಾಲ್ ತಂಡದ ಹುಚ್ಚು ನನಗೂ ಹತ್ತಿದೆ. 2023–24ರಲ್ಲಿ 8 ಪಂದ್ಯಗಳನ್ನಷ್ಟೇ ಗೆದ್ದಿದ್ದ ತಂಡ, ಪ್ಯಾಟ್ ಕೆಲ್ಸಿ ಮುಖ್ಯ ಕೋಚ್ ಆಗಿ ಬಂದ ಮೊದಲ ವರ್ಷವೇ 27 ಗೆದ್ದಿತು. ಈ ಏಳಿಗೆ ಉಳಿಯುವಂಥದ್ದೇ, ಅಥವಾ ಒಂದು ವರ್ಷದ ಫಸಲೇ?
– ಓದುಗರೊಬ್ಬರು, ಮೈಸೂರು

ಉತ್ತರ: ಉಳಿಯುತ್ತದೆ ಎಂದೇ ನನ್ನ ಅಂದಾಜು, ಆದರೆ ಅದಕ್ಕೆ ಆ 27 ಗೆಲುವುಗಳನ್ನು ಮುಖ್ಯ ಸಾಕ್ಷ್ಯವಾಗಿ ನಾನು ಎಣಿಸುವುದಿಲ್ಲ.

ಒಂದು ಕಾಲದಲ್ಲಿ ಹೊಸ ಕೋಚ್‌ಗೆ ತನ್ನದೇ ತಂಡ ಕಟ್ಟಲು ಮೂರು ನಾಲ್ಕು ವರ್ಷಗಳು ಬೇಕಾಗುತ್ತಿದ್ದವು. ಕಾಲೇಜು ಬದಲಿಸಿದ ಆಟಗಾರ ಒಂದು ವರ್ಷ ಹೊರಗೆ ಕೂರಬೇಕೆಂಬ ನಿಯಮ 2021ರಲ್ಲಿ ಸಡಿಲಗೊಂಡ ಮೇಲೆ, ವರ್ಗಾವಣೆ ಬಯಸುವವರು ಹೆಸರು ನೋಂದಾಯಿಸುವ ಟ್ರಾನ್ಸ್‌ಫರ್ ಪೋರ್ಟಲ್ ಒಂದೇ ಬೇಸಿಗೆಯಲ್ಲಿ ಇಡೀ ತಂಡವನ್ನು ಒದಗಿಸಬಲ್ಲದು. ಕೆಲ್ಸಿ ಮಾಡಿದ್ದೂ ಅದನ್ನೇ. ಎರಡು ವರ್ಷಗಳಲ್ಲಿ 12 ಗೆದ್ದು 52 ಸೋತಿದ್ದ ತಂಡದ ಜಾಗದಲ್ಲಿ ವಿಸ್ಕಾನ್ಸಿನ್‌ನಿಂದ ಚಕ್ಕಿ ಹೆಪ್ಬರ್ನ್, ಜೇಮ್ಸ್ ಮ್ಯಾಡಿಸನ್‌ನಿಂದ ಟೆರೆನ್ಸ್ ಎಡ್ವರ್ಡ್ಸ್, ತಮ್ಮ ಹಿಂದಿನ ಚಾರ್ಲ್ಸ್‌ಟನ್‌ನಿಂದ ರೇನ್ ಸ್ಮಿತ್ ಮೊದಲಾದ ಅನುಭವಿಗಳನ್ನು ಕರೆತಂದು ನಿಲ್ಲಿಸಿದರು. ಹೀಗಾಗಿ ಮೊದಲ ವರ್ಷದ ಫಲಿತಾಂಶ ಕೋಚ್ ಆಟ ಕಲಿಸುವ ಬಗೆಗಿಂತ ಹೆಚ್ಚಾಗಿ ಅವರು ಆಟಗಾರರನ್ನು ಆರಿಸುವ ಕಣ್ಣನ್ನು ತೋರಿಸುತ್ತದೆ.

ಕಲಿಸುವ ಶಕ್ತಿಗೂ ಪುರಾವೆ ಇಲ್ಲದಿಲ್ಲ, ಅದು ಋತುವಿನ ನಡುವೆ ಅಡಗಿದೆ. 2024ರ ಡಿಸೆಂಬರ್‌ನಲ್ಲಿ ನೆರೆಯ ಕೆಂಟಕಿ ವಿಶ್ವವಿದ್ಯಾಲಯದ ಎದುರು 85–93ರಿಂದ ಸೋತಾಗ ತಂಡದ ಲೆಕ್ಕ 6 ಗೆಲುವು, 5 ಸೋಲು. ತಂಡದ ಆಟಗಾರ ಕೇಸಿಯನ್ ಪ್ರಯರ್ ಮೊಣಕಾಲಿನ ಗಾಯದಿಂದ ಋತುವಿಡೀ ಹೊರಬಿದ್ದಿದ್ದರು. ಅಲ್ಲಿಂದ ಮುಂದೆ ಅದೇ ತಂಡ 21 ಗೆದ್ದು ಬರೀ 3 ಸೋತಿತು. ಇದ್ದವರನ್ನೇ ಇಟ್ಟುಕೊಂಡು ವೇಗದ ಓಟ, ದೂರದಿಂದ ಎಸೆದು ಮೂರು ಅಂಕ ಗಳಿಸುವ ಆಟ ಮತ್ತು ಹೆಪ್ಬರ್ನ್ ಅವರ ಬಿಗಿ ರಕ್ಷಣೆಯ ಸುತ್ತ ಆಟವನ್ನು ಹೊಂದಿಸಿದ ಈ ಕೆಲಸವನ್ನು ಪೋರ್ಟಲ್‌ನ ಲೆಕ್ಕಕ್ಕೆ ಬರೆಯಲಾಗದು.

ಆದರೂ ಲೂಯಿವಿಲ್ ಆಡುವ ಎಸಿಸಿ ಲೀಗ್‌ನಲ್ಲಿ 18 ಗೆದ್ದು 2 ಸೋತ ಸಾಧನೆಗೆ ಮಾರುಹೋಗಬೇಡಿ. ಆ ವರ್ಷ ಲೀಗ್ ಸೊರಗಿತ್ತು, ಅದರಿಂದ ನಾಲ್ಕೇ ತಂಡಗಳು ಕಾಲೇಜುಗಳ ರಾಷ್ಟ್ರೀಯ ಚಾಂಪಿಯನ್‌ಷಿಪ್ ಆದ ಎನ್‌ಸಿಎಎ ಟೂರ್ನಿಗೆ ಹೋದವು. ಆಯ್ಕೆ ಸಮಿತಿಯೂ ಅದನ್ನು ಗಮನಿಸಿದಂತಿದೆ: ಲೂಯಿವಿಲ್‌ಗೆ ಸಿಕ್ಕಿದ್ದು ಟೂರ್ನಿಯ ನಾಲ್ಕು ವಿಭಾಗಗಳ ಪೈಕಿ ಒಂದರಲ್ಲಿ ಎಂಟನೇ ಶ್ರೇಯಾಂಕ ಮಾತ್ರ. ಮೊದಲ ಸುತ್ತಿನಲ್ಲೇ ಕ್ರೈಟನ್ 89–75ರಿಂದ ಅದನ್ನು ಮನೆಗೆ ಕಳಿಸಿತು, ಅದೂ ಬದ್ಧವೈರಿ ಕೆಂಟಕಿಯ ಅಂಗಳವಾದ ರಪ್ ಅರೀನಾದಲ್ಲಿ! ಅವರು ಹಿಂದೆ ಕೋಚ್ ಆಗಿದ್ದ ವಿನ್‌ಥ್ರಪ್, ಚಾರ್ಲ್ಸ್‌ಟನ್ ಕಾಲೇಜುಗಳ ದಿನಗಳನ್ನೂ ಸೇರಿಸಿದರೆ ಐದು ಬಾರಿ ಟೂರ್ನಿಯಲ್ಲಿ ಆಡಿದ ಕೆಲ್ಸಿಯವರ ತಂಡಗಳು ಅಲ್ಲಿಯವರೆಗೆ ಒಂದೂ ಪಂದ್ಯ ಗೆದ್ದಿರಲಿಲ್ಲ. ಸಣ್ಣ ಕಾಲೇಜಿನ ಕೋಚ್ ದೊಡ್ಡ ತಂಡಗಳಾದ ವಿಲನೋವಾಗೋ ಅಲಬಾಮಾಗೋ ಸೋತರೆ ಯಾರೂ ದೂರುವುದಿಲ್ಲ. 1980 ಮತ್ತು 1986ರಲ್ಲಿ ಚಾಂಪಿಯನ್ ಆಗಿದ್ದ ಲೂಯಿವಿಲ್‌ನ ಅಭಿಮಾನಿಗಳಲ್ಲಿ ಅಂಥ ತಾಳ್ಮೆಯನ್ನು ನಿರೀಕ್ಷಿಸಲಾಗದು.

ಹೆಪ್ಬರ್ನ್, ಎಡ್ವರ್ಡ್ಸ್, ಸ್ಮಿತ್ ಮೂವರ ಕಾಲೇಜು ಆಟದ ಅವಧಿ ಮುಗಿದಾಗ ವರ್ಜೀನಿಯಾದ ಐಸಾಕ್ ಮೆಕ್‌ನೀಲಿ, ಝೇವಿಯರ್‌ನ ರಯಾನ್ ಕಾನ್ವೆಲ್ ಮತ್ತು ಹೈಸ್ಕೂಲ್ ಮುಗಿಸಿದ ಮೈಕೆಲ್ ಬ್ರೌನ್ ಜೂನಿಯರ್ ಬಂದು ಸೇರಿಕೊಂಡರು. ಒಳ್ಳೆಯ ಆಟಗಾರರು ಈ ಕೋಚ್‌ನತ್ತ ಬರುತ್ತಲೇ ಇದ್ದಾರೆ ಎಂಬುದೇ ನನ್ನ ಆಶಾವಾದಕ್ಕೆ ಮೊದಲ ಆಧಾರ. ನೀವು ತಂಡವನ್ನು ತೂಗಿ ನೋಡಬೇಕಾದರೆ ಜನವರಿಯ ಲೀಗ್ ಗೆಲುವುಗಳಿಗಿಂತ ನವೆಂಬರ್, ಡಿಸೆಂಬರ್‌ಗಳಲ್ಲಿ ಲೀಗ್‌ನ ಹೊರಗಿನ ದೊಡ್ಡ ತಂಡಗಳೆದುರು, ಅದರಲ್ಲೂ ಕೆಂಟಕಿಯ ಎದುರು, ಅದು ಹೇಗೆ ಆಡುತ್ತದೆ ಎಂಬುದನ್ನು ಗಮನಿಸಿ.