ಕಾಡಿಗೆ ಒಯ್ಯುವ ಚಿಕ್ಕ ಚಾಕು: ಸ್ಟೀಲು ಆಮೇಲೆ, ಮೊದಲು ಹಿಡಿ ನೋಡಿ

ಕೊರಳಿಗೆ ನೇತುಹಾಕಿಕೊಳ್ಳುವಷ್ಟು ಚಿಕ್ಕದಾದ, ಮಡಚದ ಚಾಕು ಬೇಕು, ಡಿ2 ಸ್ಟೀಲು (ಹರಿತ ಬಹಳ ದಿನ ನಿಲ್ಲುವ ಒಂದು ಬಗೆಯ ಉಕ್ಕು) ಆದರೆ ಒಳ್ಳೆಯದಾ ಅಂತ ಕೇಳಿದ್ದೀರಿ. ನಾನು ಹೆಚ್ಚುಕಮ್ಮಿ ಅದನ್ನೇ ಕೊಂಡಿದ್ದೆ. ಅದರ ದೆಸೆಯಿಂದ ನನ್ನ ಬಲಗೈ ತೋರುಬೆರಳಿನ ತುದಿ ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಹಾಗಾಗಿ ನನ್ನ ಉತ್ತರದಲ್ಲಿ ಸ್ವಲ್ಪ ಸಿಟ್ಟು ಇರುತ್ತದೆ, ಅದನ್ನು ಕಳೆದು ಓದಿಕೊಳ್ಳಿ.

ತೀರ್ಥಹಳ್ಳಿ ಹತ್ತಿರ ನನ್ನ ಗೆಳೆಯನ ಮಾವನ ಅಡಿಕೆ ತೋಟ ಇದೆ. ತೋಟದ ಹಿಂದೆ ಸೊಪ್ಪಿನಬೆಟ್ಟ, ಅದರಾಚೆ ದಟ್ಟ ಕಾಡು. ಬೆಂಗಳೂರಿಂದ ನಾವೊಂದಷ್ಟು ಜನ ಆಗಾಗ ಹೋಗಿ ತೋಟದ ಅಂಚಲ್ಲಿ ಟಾರ್ಪಲ್ ಕಟ್ಟಿ, ಕಾಫಿ ಕಾಸಿ, ಕಾಲಿಗೆ ಹತ್ತಿದ ಇಂಬಳ ಕಿತ್ತುಕೊಂಡು ವಾಪಸ್ ಬರುತ್ತಿದ್ದೆವು. ಇಂಥ ತಿರುಗಾಟಕ್ಕೆ ಚಾಕು ಬೇಕು ಅನ್ನಿಸಿದ ಮೇಲೆ ನಾನು ರಾತ್ರಿಯೆಲ್ಲ ವಿಡಿಯೋ ನೋಡಿದೆ. ಯಾವ ಸ್ಟೀಲಿನಲ್ಲಿ ಎಷ್ಟು ಕಾರ್ಬನ್, ಎಷ್ಟು ಕ್ರೋಮಿಯಂ, ರಾಕ್‌ವೆಲ್ ಅನ್ನುವ ಅಳತೆಯಲ್ಲಿ ಗಡಸುತನ ಎಷ್ಟು, ಎಲ್ಲ ಬಾಯಿಪಾಠ ಆಯಿತು. ಕೊನೆಗೆ ಆರಿಸಿದ್ದು 5 ಮಿ.ಮೀ. ದಪ್ಪದ ಒಂದು ಪುಟ್ಟ ಗಟ್ಟಿಪಿಂಡ. ಅಲಗು ಎರಡೂವರೆ ಇಂಚು, ಹಿಡಿಯೂ ಹೆಚ್ಚುಕಮ್ಮಿ ಅಷ್ಟೇ. ಹಿಡಿ ಅಂದರೆ ಹಿಡಿಯಲ್ಲ, ಅಲಗಿನ ಲೋಹವೇ ಹಿಂದಕ್ಕೆ ಮುಂದುವರಿದು ಅದರಲ್ಲಿ ತೂತುಗಳು, ಮೇಲೆ ನೈಲಾನ್ ಹಗ್ಗ ಸುತ್ತಿದ್ದು. ನೋಡೋಕೆ ಸಖತ್ತಾಗಿತ್ತು. ಗೆಳೆಯನ ಮಾವ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇದಕ್ಕೆ ಹಿಡಿ ಎಲ್ಲಿದ್ಯೋ ಮಾರಾಯ?" ಅಂದರು. ನಾವೆಲ್ಲ ನಕ್ಕೆವು.

ಆವತ್ತು ಜಿನುಗು ಮಳೆ. ಟಾರ್ಪಲ್ ಕಟ್ಟೋಕೆ ಬಿದಿರಿನ ಗೂಟ ಮಾಡುತ್ತಿದ್ದೆ, ಗೂಟದ ತಲೆಗೆ ಹಗ್ಗ ಪೋಣಿಸಲು ಒಂದು ತೂತು ಬೇಕಿತ್ತು. ಚಾಕುವಿನ ಮೊನೆ ಚುಚ್ಚಿ ತಿರುಗಿಸಿದೆ, ಹೋಗಲಿಲ್ಲ. ಇನ್ನೂ ಜೋರಾಗಿ ಒತ್ತಿದೆ. ಮೊನೆ ಅಲ್ಲೇ ನಿಂತಿತು, ನನ್ನ ಕೈ ನಿಲ್ಲಲಿಲ್ಲ. ಹಿಡಿಯಿಂದ ಜಾರಿ ಅಲಗಿನ ಮೇಲೆ ಮುಂದಕ್ಕೆ ಹೋಯಿತು.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕಂದರೆ ಎಲ್ಲರೂ "ಹುಷಾರಾಗಿ ಬಳಸಬೇಕಪ್ಪ" ಅಂತ ಒಂದೇ ಮಾತಲ್ಲಿ ಮುಗಿಸುತ್ತಾರೆ. ಹುಷಾರು ಇರಬೇಕಿತ್ತು, ನಿಜ. ಆದರೆ ನನ್ನ ತಪ್ಪು ಆವತ್ತು ಆಗಿದ್ದಲ್ಲ, ಕೊಳ್ಳುವಾಗಲೇ ಆಗಿಹೋಗಿತ್ತು. ಎರಡೂವರೆ ಇಂಚಿನ ಹಿಡಿಯಲ್ಲಿ ಮೂರು ಬೆರಳು ಕೂರುತ್ತವೆ, ಕಿರುಬೆರಳು ಗಾಳಿಯಲ್ಲಿ ಇರುತ್ತದೆ. ಯಾವುದನ್ನಾದರೂ ಬಿಗಿಯಾಗಿ ಹಿಡಿಯುವಾಗ ಉಂಗುರಬೆರಳು, ಕಿರುಬೆರಳು ಎಷ್ಟು ಕೆಲಸ ಮಾಡುತ್ತವೆ ಅನ್ನೋದು ಅವನ್ನು ಬಿಟ್ಟು ಹಿಡಿದು ನೋಡಿದರೇ ಗೊತ್ತಾಗೋದು. ಈಗಲೇ ಒಂದು ಸುತ್ತಿಗೆ ಹಿಡಿದು ಕಿರುಬೆರಳು ಎತ್ತಿ ನೋಡಿ. ಇನ್ನು ನೈಲಾನ್ ಹಗ್ಗ. ನೆನೆದರೆ ಸುತ್ತು ಸಡಿಲ ಆಗುತ್ತದೆ, ಒಳಗಿನ ಲೋಹದ ಮೇಲೆ ಅದೇ ಜಾರುತ್ತದೆ, ಅಂದರೆ ನೀವು ಹಗ್ಗವನ್ನು ಎಷ್ಟೇ ಬಿಗಿಯಾಗಿ ಹಿಡಿದರೂ ಚಾಕು ನಿಮ್ಮ ಕೈಯಲ್ಲಿ ಇರುವುದಿಲ್ಲ. ಹಿಡಿ ಮುಗಿದು ಅಲಗು ಶುರುವಾಗುವ ಕಡೆ ಬೆರಳಿಗೆ ತಡೆ ಇರಬೇಕು, ನನ್ನದರಲ್ಲಿ ಇರಲಿಲ್ಲ, ಒಂದು ಸಣ್ಣ ಕಚ್ಚು ಮಾತ್ರ ಇತ್ತು. ಮತ್ತೆ ಆ 5 ಮಿ.ಮೀ. ದಪ್ಪ. ನಾನು ದಪ್ಪ ಅಂದರೆ ಗಟ್ಟಿ ಅಂದುಕೊಂಡಿದ್ದೆ. ಅಷ್ಟು ಕಿರಿದಾದ ಅಲಗಿಗೆ ಅಷ್ಟು ದಪ್ಪ ಕೊಟ್ಟರೆ ಅದು ಕೊಯ್ಯುವುದಿಲ್ಲ, ಬೆಣೆಯಂತೆ ಒಳಗೆ ಸಿಕ್ಕಿಕೊಳ್ಳುತ್ತದೆ. ಮೊನೆ ಒಳಗೆ ಇಳಿಯದಿದ್ದಾಗ ನಾವು ಮಾಡುವುದು ಒಂದೇ, ಇನ್ನೂ ಒತ್ತುವುದು. ಒತ್ತುವ ಬಲ ಜಾಸ್ತಿ, ಹಿಡಿತ ಕಮ್ಮಿ, ಮುಂದೆ ತಡೆ ಇಲ್ಲ. ಮುಂದೆ ಏನಾಗುತ್ತದೆ ಅಂತ ತಿಳಿಯೋಕೆ ಇಂಜಿನಿಯರಿಂಗ್ ಓದಿರಬೇಕಾಗಿಲ್ಲ. (ನಾನು ಓದಿದ್ದೇನೆ, ಅದು ಬೇರೆ ವಿಷಯ.)

ರಕ್ತ ಅಷ್ಟೇನೂ ಬರಲಿಲ್ಲ, ಹಾಗಾಗಿ ಬಟ್ಟೆ ಸುತ್ತಿ ಕಾಫಿ ಕುಡಿಯುತ್ತಾ ಕೂತಿದ್ದೆ. ಊರಿನ ಆಸ್ಪತ್ರೆಯಲ್ಲಿ ಡಾಕ್ಟರು "ಬೆರಳ ತುದಿ ಮಡಚಿ" ಅಂದಾಗಲೇ ಗೊತ್ತಾಗಿದ್ದು, ತುದಿ ಅಲ್ಲಾಡುತ್ತಿಲ್ಲ. ಬೆರಳು ಮಡಚುವ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ಕಡಿದಿತ್ತು. ಶಿವಮೊಗ್ಗದಲ್ಲಿ ಆಪರೇಷನ್, ಆಮೇಲೆ ವಾರಗಟ್ಟಲೆ ಸ್ಪ್ಲಿಂಟ್, ಅದರ ಮೇಲೆ ಫಿಸಿಯೋಥೆರಪಿ. ಬಲಗೈ ಬೇರೆ. ಸಾರು ಅನ್ನವನ್ನು ಚಮಚದಲ್ಲಿ ತಿನ್ನುವುದು ಎಂಥ ಶಿಕ್ಷೆ ಅಂತ ಆಗ ತಿಳಿಯಿತು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ತಿರುಗಿಸುತ್ತೇನೆ. ಚಿಕ್ಕದು ಬೇಕು ಅಂದಾಗ ಚಿಕ್ಕದಾಗಬೇಕಾದ್ದು ಅಲಗು ಮಾತ್ರ. ಹಿಡಿ ಚಿಕ್ಕದಾದ ಚಾಕುವಿನಲ್ಲಿ ಕೆಲಸ ಮಾಡುವುದು ಪೆನ್ಸಿಲ್ ಚೂರಿನಲ್ಲಿ ಪರೀಕ್ಷೆ ಬರೆದ ಹಾಗೆ. ಅಂಗೈ ಅಗಲ ಅಳೆದುಕೊಳ್ಳಿ, ಹೆಚ್ಚಿನವರಿಗೆ 8ರಿಂದ 9 ಸೆಂ.ಮೀ. ಇರುತ್ತದೆ. ಹಿಡಿ ಅದಕ್ಕಿಂತ ಒಂದು ಬೆರಳಿನ ಅಗಲದಷ್ಟು ಉದ್ದ ಇರಲಿ. ಹಿಡಿ ಚಪ್ಪಟೆ ಪಟ್ಟಿಯಾಗಿದ್ದರೆ ಬೇಡ, ಕೈ ತುಂಬುವಷ್ಟು ಉರುಟಾಗಿರಲಿ, ಮೇಲ್ಮೈ ರಬ್ಬರಿನಂತೆ ಒರಟಾಗಿರಲಿ. ಅಂಗಡಿಯಲ್ಲಿ ಸಿಕ್ಕಿದರೆ ಕೈ ಒದ್ದೆ ಮಾಡಿಕೊಂಡು, ಚಾಕು ಒರೆಯಲ್ಲೇ ಇರುವಾಗ, ಮೊನೆಯನ್ನು ಮೇಜಿಗೆ ಒತ್ತಿ ನೋಡಿ. ಕೈ ಒಂಚೂರು ಮುಂದೆ ಜಾರಿದರೂ ಅಲ್ಲೇ ಇಟ್ಟು ಬನ್ನಿ. ಅಂಗಡಿಯವನು ಏನಾದರೂ ಅಂದುಕೊಳ್ಳಲಿ.

ದಪ್ಪ 2ರಿಂದ 3 ಮಿ.ಮೀ. ಸಾಕು. ಅದಕ್ಕಿಂತ ದಪ್ಪ ಬೇಕು ಅನ್ನುವವರೆಲ್ಲ ಚಾಕುವಿಗೆ ಕೊಡತಿಯಿಂದ ಬಡಿದು ಸೌದೆ ಸೀಳುವ ವಿಡಿಯೋ ನೋಡಿದವರು. ನಮ್ಮ ಕಡೆ ಸೌದೆ ಸೀಳೋಕೆ ಕತ್ತಿ ಇದೆಯಲ್ಲ! ಹಳೇ ಮೈಸೂರು ಕಡೆಯವರಾದರೆ ಮಚ್ಚು ಅನ್ನಿ. ತೋಟದ ಮನೆಯಲ್ಲಿ ಅದು ಇದ್ದೇ ಇರುತ್ತದೆ, ಸೊಂಟದ ಕೊಕ್ಕೆಯಲ್ಲಿ ಸಿಕ್ಕಿಸಿಕೊಂಡು ಎಂಬತ್ತರ ಅಜ್ಜನೂ ಬೆಟ್ಟಕ್ಕೆ ಹೋಗುತ್ತಾನೆ. ಕತ್ತಿ ಇರುವ ಜಾಗಕ್ಕೆ ಹೋಗುವಾಗ ಪುಟ್ಟ ಚಾಕುವಿನ ಕೆಲಸ ಹಗ್ಗ ಕತ್ತರಿಸುವುದು, ಈರುಳ್ಳಿ ಹೆಚ್ಚುವುದು, ಕಡ್ಡಿ ಚೂಪು ಮಾಡುವುದು, ಅಷ್ಟೇ. ಇದಕ್ಕೆ ತೆಳು ಅಲಗೇ ಚೆಂದ.

ಡಿ2 ಬಗ್ಗೆ. ಅದರಲ್ಲಿ ಸುಮಾರು 12 ಶೇಕಡಾ ಕ್ರೋಮಿಯಂ ಇದೆ, ಆದರೆ ಕಾರ್ಬನ್ನೂ ಒಂದೂವರೆ ಶೇಕಡಾ ಇರುವುದರಿಂದ ಕ್ರೋಮಿಯಂನ ಒಳ್ಳೇ ಪಾಲು ಅದರ ಜೊತೆ ಸೇರಿ ಕಾರ್ಬೈಡ್ ಅನ್ನುವ ಗಡಸು ಕಣಗಳಾಗಿ ಕೂತುಬಿಡುತ್ತದೆ. ತುಕ್ಕು ತಡೆಯೋಕೆ ಉಳಿಯುವುದು ಕಮ್ಮಿ. ಹರಿತ ಬಹಳ ದಿನ ನಿಲ್ಲುತ್ತದೆ, ಅದು ನಿಜ, ಆದರೆ ಒಮ್ಮೆ ಮೊಂಡಾದರೆ ಮನೆಯ ಮಸೆಯುವ ಕಲ್ಲಿನಲ್ಲಿ ಮಸೆದು ಮಸೆದು ಸಾಕಾಗುತ್ತದೆ. 1095ರಂಥ ಸಾದಾ ಕಾರ್ಬನ್ ಸ್ಟೀಲು ಬೇಗ ಹರಿತವಾಗುತ್ತದೆ, ಆದರೆ ಮಾವಿನಕಾಯಿ ಹೆಚ್ಚಿದರೂ ಕಪ್ಪಾಗುತ್ತದೆ, ಪ್ರತಿ ಸಲ ಒರೆಸಿ ಕೊಬ್ಬರಿ ಎಣ್ಣೆ ಸವರಬೇಕು. ವರ್ಷಕ್ಕೆ 7,000 ಮಿ.ಮೀ. ಮಳೆ ಸುರಿಯುವ ಆಗುಂಬೆ ಕಡೆ ಹೋಗುವವರು ಸುಮ್ನೆ ಸ್ಟೇನ್‌ಲೆಸ್ ತೆಗೆದುಕೊಳ್ಳಿ. ಸ್ಟೀಲಿನ ಚರ್ಚೆ ಇಷ್ಟಕ್ಕೇ ಸಾಕು, ಇದಕ್ಕಿಂತ ಹೆಚ್ಚು ಯೋಚಿಸಿದ್ದರಿಂದಲೇ ನಾನು ಕೆಟ್ಟಿದ್ದು.

ಹೆಸರು ಹೇಳಿ ಅಂದರೆ ನನ್ನ ಓಟು ಸ್ವೀಡನ್ನಿನ ಮೊರಾ ಕಂಪನಿಗೆ. ಅವರ ಕಂಪ್ಯಾನಿಯನ್ ಚಾಕುವಿನ ಅಲಗು ಸುಮಾರು 10 ಸೆಂ.ಮೀ., ಮಾಮೂಲಿ ಮಾದರಿಯ ದಪ್ಪ 2.5 ಮಿ.ಮೀ. ರಬ್ಬರಿನಂಥ ಹಿಡಿ, ಬೆರಳಿಗೆ ತಡೆ, ಪ್ಲಾಸ್ಟಿಕ್ ಒರೆ. ನೋಡೋಕೆ ಆಟದ ಸಾಮಾನಿನ ತರಹ ಕಾಣುತ್ತದೆ, ಅದಕ್ಕೇ ನಾನು ಮೊದಲು ಬೇಡ ಅಂದಿದ್ದು. ಅದರ ಲೋಹ ಹಿಡಿಯ ತುದಿವರೆಗೂ ಹೋಗುವುದಿಲ್ಲ, ಮುರಿಯುತ್ತದೆ ಅಂತ ಹೆದರಿಸುವವರು ಸಿಗುತ್ತಾರೆ. ಈರುಳ್ಳಿ ಹೆಚ್ಚುವಾಗ ಮುರಿಯುವುದಿಲ್ಲ. ಇನ್ನೂ ಚಿಕ್ಕದೇ ಬೇಕು ಅಂದರೆ ಅವರದೇ ಎಲ್ಡ್ರಿಸ್ ಇದೆ, ಅಲಗು 6 ಸೆಂ.ಮೀ. ಕೂಡ ಇಲ್ಲ, ಆದರೆ ಹಿಡಿಯನ್ನು ದಪ್ಪಗೆ, ಮಧ್ಯೆ ಉಬ್ಬಿಸಿ ಮಾಡಿದ್ದಾರೆ. ನಿಮ್ಮ ಕೈ ದೊಡ್ಡದಾದರೆ ಅದರಲ್ಲೂ ಕಿರುಬೆರಳು ಅಂಚಿಗೆ ಬರುತ್ತದೆ, ಹಿಡಿದು ನೋಡದೆ ಕೊಳ್ಳಬೇಡಿ. ಎರಡರಲ್ಲೂ ಅಲಗಿನ ಬಾಯಿಗೆ ಪ್ರತಿ ಬದಿಯಲ್ಲೂ ಅಗಲವಾದ ಒಂದೇ ಇಳಿಜಾರು. ಆ ಇಳಿಜಾರನ್ನೇ ಕಲ್ಲಿನ ಮೇಲೆ ಚಪ್ಪಟೆಯಾಗಿ ಇಟ್ಟು ಉಜ್ಜಿದರೆ ಆಯಿತು, ಕೋನ ಲೆಕ್ಕ ಹಾಕಬೇಕಿಲ್ಲ. ವಿದೇಶದ್ದು ಬೇಡ ಅನ್ನುವವರು ಕುಲುಮೆ ಇರುವ ಊರಲ್ಲಿ ಲಾರಿಯ ಕಮಾನು ಪಟ್ಟಿಯಿಂದ ಚಾಕು ಬಡಿಸಿಕೊಳ್ಳಬಹುದು. ಒಳ್ಳೇ ಕಮ್ಮಾರ ಸಿಕ್ಕಿದರೆ ಇದಕ್ಕಿಂತ ಚೆನ್ನಾಗಿಯೇ ಮಾಡುತ್ತಾನೆ. ಹಿಡಿ ಮಾತ್ರ ನಿಮ್ಮ ಅಂಗೈ ಅಳತೆಗೇ ಮಾಡಿಸಿ.

ಕೊರಳಿಗೆ ಹಾಕಿಕೊಳ್ಳುವ ಆಸೆ ಬಿಡಿ. ಲಂಟಾನ ಪೊದೆಯಲ್ಲಿ ದಾರ ಸಿಕ್ಕಿಕೊಳ್ಳುತ್ತದೆ, ಮುಗ್ಗರಿಸಿ ಬಿದ್ದರೆ ಎದೆಯ ಕೆಳಗೆ ಚಾಕು ಇರುತ್ತದೆ. ಬೆಲ್ಟಿಗೆ ಹಾಕಿ, ಪಕ್ಕದಿಂದ ಸ್ವಲ್ಪ ಹಿಂದೆ. ಚರ್ಮದ ಒರೆ ಚೆಂದ ಕಾಣುತ್ತದೆ, ಮಳೆಗಾಲದಲ್ಲಿ ನೀರು ಕುಡಿದು ಒಣಗುವುದೇ ಇಲ್ಲ, ಒಳಗೆ ಅಲಗಿಗೆ ತುಕ್ಕು ಹಿಡಿಯುತ್ತದೆ. ತಳದಲ್ಲಿ ನೀರು ಇಳಿಯುವ ತೂತಿರುವ ಪ್ಲಾಸ್ಟಿಕ್ ಒರೆ ತೆಗೆದುಕೊಳ್ಳಿ.

ಅಂದಹಾಗೆ ನೀವು ಯಾವ ಕಾಡಿಗೆ ಹೋಗುತ್ತೀರಿ ಅಂತ ಬರೆದೇ ಇಲ್ಲ. ಕುಮಾರ ಪರ್ವತ, ಕುದುರೆಮುಖ ಈ ತರಹ ಆದರೆ ಚಾಕು ಕೊಳ್ಳುವ ಪ್ರಶ್ನೆಯೇ ಬರುವುದಿಲ್ಲ. ಮೊದಲನೆಯದು ಪುಷ್ಪಗಿರಿ ವನ್ಯಜೀವಿ ಧಾಮದಲ್ಲಿದೆ, ಎರಡನೆಯದು ರಾಷ್ಟ್ರೀಯ ಉದ್ಯಾನ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಆಯುಧ ಅಂದರೆ ಏನು ಅನ್ನುವ ಪಟ್ಟಿಯಲ್ಲಿ ಬಂದೂಕು, ಬಲೆ, ಉರುಳಿನ ಜೊತೆಗೆ ಚಾಕುವೂ ಇದೆ. 31ನೇ ಸೆಕ್ಷನ್ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ ಇಲ್ಲದೆ ಆಯುಧ ಹಿಡಿದು ಒಳಗೆ ಹೋಗುವ ಹಾಗಿಲ್ಲ. ಬೆಂಕಿ ಹಚ್ಚುವುದಕ್ಕೂ ಅಲ್ಲಿ ಅವಕಾಶ ಇಲ್ಲ, ಹಾಗಾಗಿ ಚಾಕುವಿನ ಬೆನ್ನಿನಿಂದ ಕಿಡಿ ಹಾರಿಸುವ ಕನಸನ್ನೂ ಮನೆಯಲ್ಲೇ ಬಿಡಿ. ಹಣ್ಣು ಮನೆಯಲ್ಲೇ ಹೆಚ್ಚಿ ಡಬ್ಬಿಗೆ ಹಾಕಿಕೊಂಡು ಹೋದರೆ ಆಯಿತು. ಆಯುಧಗಳ ಲೈಸೆನ್ಸಿಗೆ ಸಂಬಂಧಪಟ್ಟ ಆರ್ಮ್ಸ್ ರೂಲ್ಸ್‌ನ ಪಟ್ಟಿ ಬೇರೆ, ಚಾಕುಗಳ ಪೈಕಿ ಅದರಲ್ಲಿ ಬರೋದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು, ಮನೆಗೆಲಸ ಮತ್ತು ಕೃಷಿಯ ಸಾಮಾನಿಗೆ ಅದರಿಂದ ವಿನಾಯಿತಿ. ನಮ್ಮ ಪುಟ್ಟ ಚಾಕು ಅದರ ಹತ್ತಿರಕ್ಕೂ ಬರುವುದಿಲ್ಲ, ಆದರೂ ಊರಲ್ಲಿ, ಬಸ್ಸಲ್ಲಿ ಬೆಲ್ಟಿಗೆ ಕಟ್ಟಿಕೊಂಡು ತಿರುಗಬೇಡಿ, ಬ್ಯಾಗಿನ ತಳದಲ್ಲಿ ಬಟ್ಟೆ ಸುತ್ತಿ ಇಡಿ. ನೆಂಟರ ತೋಟ, ಹೋಂಸ್ಟೇ ಜಾಗ, ಇಂಥ ಕಡೆ ಯಜಮಾನರಿಗೆ ಹೇಳಿ ಬಳಸಿ.

ಕೊಳ್ಳುವುದು ಖಂಡಿತ ಅಂತಾದರೆ ಅದರ ಜೊತೆಗೇ ಗಾಜ್ ಪಟ್ಟಿ, ಕ್ರೇಪ್ ಬ್ಯಾಂಡೇಜ್ ತೆಗೆದುಕೊಳ್ಳಿ. ಬೆರಳು ಕೊಯ್ದುಕೊಂಡರೆ ರಕ್ತ ಎಷ್ಟು ಬಂತು ಅಂತ ನೋಡಬೇಡಿ. ಒತ್ತಿ ಹಿಡಿದು ರಕ್ತ ನಿಲ್ಲಿಸಿ, ಆಮೇಲೆ ತುದಿ ಮಡಚುತ್ತದಾ, ಮುಟ್ಟಿದರೆ ಗೊತ್ತಾಗುತ್ತದಾ ನೋಡಿ. ಎರಡರಲ್ಲಿ ಒಂದು ಇಲ್ಲದಿದ್ದರೂ ಟಾರ್ಪಲ್ ಬಿಚ್ಚುತ್ತಾ ಕೂರಬೇಡಿ, ಕೈ ಆಪರೇಷನ್ ಮಾಡುವ ಸರ್ಜನ್ ಇರುವ ಊರಿಗೆ ಆವತ್ತೇ ಹೊರಡಿ. ಟಾರ್ಪಲ್ ಬಿಚ್ಚೋಕೆ ಗೆಳೆಯರು ಇರುತ್ತಾರೆ.