ಇ-ರೀಡರ್‌ಗೆ 1 ಗಿಗಾಹರ್ಟ್ಸ್ ಸಾಕಾ?

ಫೋನಿನಲ್ಲಿ ಎಂಟು ಕೋರ್ ಪ್ರೊಸೆಸರ್ ಇರುವಾಗ 1 ಗಿಗಾಹರ್ಟ್ಸ್ ಪ್ರೊಸೆಸರ್, 512 ಎಂಬಿ ರ‍್ಯಾಮ್‌ನ ಇ-ರೀಡರ್ (ಪುಸ್ತಕ ಓದುವ ಯಂತ್ರ) ಅಪ್ಪನಿಗೆ ತಗೊಂಡರೆ ದುಡ್ಡು ದಂಡ ಅಲ್ವಾ ಅಂತ ಕೇಳಿದ್ದೀರಿ. ಅಪ್ಪ ಏನು ಓದುತ್ತಾರೆ ಅನ್ನುವುದರ ಮೇಲೆ ಹೋಗುತ್ತದೆ.

ಇ-ರೀಡರ್‌ನ ಇ-ಇಂಕ್ ಪರದೆಯಲ್ಲಿ ಕಪ್ಪು, ಬಿಳಿ ಕಣಗಳು ದ್ರವದೊಳಗೆ ಮೇಲೆ ಕೆಳಗೆ ಈಜಬೇಕು. ಪುಟ ಪೂರ್ತಿ ಬದಲಾಗಲು ಸುಮಾರು ಅರ್ಧ ಸೆಕೆಂಡ್ ಬೇಕು. ಪ್ರೊಸೆಸರ್ ಎಷ್ಟು ಓಡಿದರೂ ಕಣ ಓಡಬೇಕಲ್ಲ! ಅಮೆಜಾನಿನ ಮೊದಲ ರೀಡರ್, 2007ರ ಕಿಂಡಲ್‌ನಲ್ಲಿ ಇದ್ದದ್ದು 400 ಮೆಗಾಹರ್ಟ್ಸ್, 64 ಎಂಬಿ. ಅದರಲ್ಲೂ ಜನ ಓದಿದರು. ಪುಟ ಮೂಡಿದ ಮೇಲೆ ಪರದೆಗೆ ಕರೆಂಟೇ ಬೇಡ, ಸಾಫ್ಟ್‌ವೇರ್ ಪ್ರೊಸೆಸರ್ ಅನ್ನೂ ಮಲಗಿಸುತ್ತದೆ. ಶಿರಸಿ ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಹೋದರೂ ನಮ್ಮನೆ ರೀಡರ್‌ಗೆ ಚಿಂತೆಯಿಲ್ಲ. ಆಂಡ್ರಾಯ್ಡ್ ಇರುವ ರೀಡರ್‌ಗಳಲ್ಲಿ ಹಿನ್ನೆಲೆಯಲ್ಲಿ ಏನಾದರೊಂದು ಆ್ಯಪ್ ಓಡುತ್ತಲೇ ಇರುತ್ತದೆ, ಹಾಗಾಗಿ ಬ್ಯಾಟರಿ ಬೇಗ ಇಳಿಯುತ್ತದೆ.

ಕನ್ನಡದ ಕಥೆ ಬೇರೆ. ನಾನು ಮೊದಲು ತಗೊಂಡದ್ದು ಹಳೆಯ, ಸೆಕೆಂಡ್‌ ಹ್ಯಾಂಡ್ ರೀಡರ್. ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಕನ್ನಡ ಇಪಬ್ (ಪರದೆಗೆ ತಕ್ಕಂತೆ ಅಕ್ಷರ ಹೊಂದಿಕೊಳ್ಳುವ ಇ-ಪುಸ್ತಕದ ಫೈಲ್) ತೆರೆದರೆ 'ಅಪ್ಪ' ಹೋಗಿ 'ಅಪ್‌ಪ' ಆಗಿತ್ತು! ಫಾಂಟ್ ಬದಲಿಸಿದೆ, ಉಪಯೋಗ ಆಗಲಿಲ್ಲ. ಒತ್ತಕ್ಷರ, ಗುಣಿತ ಜೋಡಿಸಲು ಫಾಂಟ್ ಒಂದೇ ಸಾಲದು, ಅಕ್ಷರ ಹೆಣೆಯುವ ಸಾಫ್ಟ್‌ವೇರ್ ಒಳಗೆ ಇರಬೇಕು. ಹಾರ್ಫ್‌ಬಝ್ ಅನ್ನುವ ಸಾಫ್ಟ್‌ವೇರ್ ಮಾಡುವುದು ಅದೇ ಕೆಲಸ. ಕೊನೆಗೆ ಅದು ಒಳಗಿರುವ ಕೆಓರೀಡರ್ ಅನ್ನುವ ಉಚಿತ ಆ್ಯಪ್ ಹಾಕಿದೆ, ನೋಟೊ ಕನ್ನಡ ಫಾಂಟ್ ತುಂಬಿದೆ. ಅದೇ ಯಂತ್ರ, ಅದೇ ಪ್ರೊಸೆಸರ್, ಒತ್ತಕ್ಷರಗಳು ತಮ್ಮ ಜಾಗಕ್ಕೆ ಬಂದು ಕೂತವು. ಎಲ್ಲ ರೀಡರ್‌ಗೂ ಇದನ್ನು ಹಾಕಲು ಆಗುವುದಿಲ್ಲ, ಮಾಡೆಲ್ ನೋಡಿಕೊಳ್ಳಿ.

ರ‍್ಯಾಮ್ ನಿಜವಾಗಿ ಬೇಕಾಗುವುದು ಸ್ಕ್ಯಾನ್ ಮಾಡಿದ ಪಿಡಿಎಫ್‌ಗೆ. ಇಂಟರ್ನೆಟ್ ಆರ್ಕೈವ್ ಜಾಲತಾಣದಲ್ಲಿ ಸಿಗುವ ಹಳೆಯ ಕನ್ನಡ ಪುಸ್ತಕಗಳಲ್ಲಿ ಪುಟವೆಂದರೆ ಒಂದು ಚಿತ್ರ. 300 ಡಿಪಿಐಯಲ್ಲಿ (ಇಂಚಿಗೆ 300 ಚುಕ್ಕೆ), ಬಣ್ಣದಲ್ಲಿ ಸ್ಕ್ಯಾನ್ ಆದ ಒಂದು ಎ4 ಪುಟ ಮೆಮೊರಿಯಲ್ಲಿ ಬಿಚ್ಚಿದರೆ ಸುಮಾರು 26 ಎಂಬಿ. ಅದನ್ನು ಬಿಚ್ಚಿ, ಕುಗ್ಗಿಸಿ, 16 ಬೂದು ಛಾಯೆಗೆ ಇಳಿಸುವಷ್ಟರಲ್ಲಿ ಸಣ್ಣ ಪ್ರೊಸೆಸರ್ ಏದುಸಿರು ಬಿಡುತ್ತದೆ. ನನ್ನದರಲ್ಲಿ ಪುಟ ತಿರುಗಿಸಿ, ಅದು ಮೂಡುವಷ್ಟರಲ್ಲಿ ಕವಳ (ಎಲೆ ಅಡಿಕೆ) ಹಾಕಿಕೊಳ್ಳಬಹುದಿತ್ತು. ಅಪ್ಪನಿಗೆ ಇಂಥ ಪುಸ್ತಕಗಳೇ ಜಾಸ್ತಿ ಬೇಕಾದರೆ ಕನಿಷ್ಠ 1 ಜಿಬಿ ರ‍್ಯಾಮ್, ಎಂಟು ಇಂಚಿನ ಹತ್ತಿರದ ಪರದೆ ನೋಡಿ. ಆರು ಇಂಚಿನಲ್ಲಿ ಅಕ್ಷರ ಇರುವೆ ಸಾಲಿನ ಹಾಗೆ ಕಾಣುತ್ತದೆ. ಪುಟದ ಖಾಲಿ ಅಂಚು ಕತ್ತರಿಸಿದರೆ ಸ್ವಲ್ಪ ದೊಡ್ಡದಾಗುತ್ತದೆ, ಅಷ್ಟೇ.

ಇನ್ನೊಂದು. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಪಿಡಿಎಫ್‌ಗಳನ್ನು ಇಪಬ್ ಮಾಡಲು ಹೋಗಿ ನಾನು ಒಂದು ಭಾನುವಾರ ಕಳೆದೆ. ಅವು ಯೂನಿಕೋಡ್ (ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ, ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಮೊದಲು ಪಠ್ಯವನ್ನು ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು. ಅದಕ್ಕೆ ಯಾವ ಪ್ರೊಸೆಸರೂ ಮದ್ದಲ್ಲ.

ಅಪ್ಪ ಓದುವುದು ಇಪಬ್ ಮಾತ್ರ ಆದರೆ ನೀವು ನೋಡಿದ 512 ಎಂಬಿಯದ್ದೇ ಸಾಕು. ಆನ್‌ಲೈನ್‌ನಲ್ಲಿ ತರಿಸುವುದಾದರೆ ವಾಪಸ್ ಕೊಡಲು ಎಷ್ಟು ದಿನ ಇದೆ ನೋಡಿಕೊಳ್ಳಿ. ಬಂದ ದಿನವೇ ಒಂದು ಕನ್ನಡ ಇಪಬ್, ಒಂದು ದಪ್ಪ ಸ್ಕ್ಯಾನ್ ಪಿಡಿಎಫ್ ಹಾಕಿ. 'ಸ್ವಾತಂತ್ರ್ಯ' ಅನ್ನುವ ಪದ ಹುಡುಕಿ, ಅದು ಸರಿಯಾಗಿ ಮೂಡಿದರೆ ಉಳಿದದ್ದೂ ಸಾಮಾನ್ಯವಾಗಿ ಮೂಡುತ್ತದೆ.